ಕ್ಲಸ್ಟರ್ ತಲೆನೋವು: ಮನೆಯಲ್ಲೇ ಆಕ್ಸಿಜನ್ ಸಿಲಿಂಡರ್ ಇಟ್ಟುಕೊಳ್ಳಬೇಕಾ? ಬಿಪಿ ಇಲ್ಲದವರಿಗೆ ಬಿಪಿ ಮಾತ್ರೆ ಯಾಕೆ?

ಬೆಣ್ಣೆನಗರಿ:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ. ವಿಷಯ ತಲೆನೋವು, ಆದರೆ ಮಾಮೂಲಿ ತಲೆನೋವಲ್ಲ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಯಜಮಾನರಿಗೆ 36 ವರ್ಷ. ಕೆಲವು ವರ್ಷಗಳಿಂದ ದೀಪಾವಳಿ ಆಸುಪಾಸಿನಲ್ಲಿ ಒಂದು ನೋವು ಶುರುವಾಗುತ್ತದೆ. ಬಲಗಣ್ಣಿನ ಹಿಂದೆ ಮಾತ್ರ. ಮಲಗಿ ಒಂದೆರಡು ಗಂಟೆ ಆಗುವುದರೊಳಗೆ ದಡಕ್ಕನೆ ಎದ್ದು ಕೂರುತ್ತಾರೆ. ಆ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಅದೇ ಕಡೆಯ ಮೂಗು ಕಟ್ಟುತ್ತದೆ, ರೆಪ್ಪೆ ಜೋಲುತ್ತದೆ. ಕಾದ ಸಟ್ಟುಗ ಕಣ್ಣೊಳಗೆ ತಿರುವಿದ ಹಾಗೆ ಅನ್ನುತ್ತಾರೆ. ಒಂದು ಕಡೆ ಕೂರುವುದಿಲ್ಲ, ಮಲಗುವುದೂ ಇಲ್ಲ. ಹಾಲ್‌ನಲ್ಲಿ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಾರೆ, ಗೋಡೆಗೆ ತಲೆ ಒತ್ತಿಕೊಳ್ಳುತ್ತಾರೆ. ಒಂದು ಗಂಟೆ ಆದ ಮೇಲೆ ತಾನಾಗಿಯೇ ನಿಂತು ಹೋಗುತ್ತದೆ. ಬೆಳಿಗ್ಗೆ ಏನೂ ಆಗಿಲ್ಲ ಅನ್ನುವ ಹಾಗೆ ಅಂಗಡಿಗೆ ಹೋಗುತ್ತಾರೆ. ಮತ್ತೆ ರಾತ್ರಿ ಅದೇ ಹೊತ್ತಿಗೆ! ಹೀಗೆ ಒಂದೂವರೆ ಎರಡು ತಿಂಗಳು ನಡೆದು ಪೂರ್ತಿ ಮಾಯ ಆಗುತ್ತದೆ, ಮುಂದಿನ ವರ್ಷದವರೆಗೆ ಸುದ್ದಿಯೇ ಇರುವುದಿಲ್ಲ.

ಮೊದಲು ಸೈನಸ್ ಅಂದರು, ಹಬೆ ತಗೊಂಡಿದ್ದಾಯಿತು, ಆಂಟಿಬಯಾಟಿಕ್ ನುಂಗಿದ್ದಾಯಿತು. ಆಮೇಲೆ ಕನ್ನಡಕ ಬದಲಾಯಿಸಿದರು. ಒಬ್ಬರು ಹಲ್ಲು ಕೀಳಿಸಿ ಅಂದರು, ಅದನ್ನೂ ಕೀಳಿಸಿದ್ದಾರೆ. ಈ ಸಲ ನ್ಯೂರಾಲಜಿಸ್ಟ್ ಹತ್ತಿರ ಹೋದೆವು. ಎಂಆರ್‌ಐ ಮಾಡಿಸಿದರು, ಅದು ನಾರ್ಮಲ್. ಇದು ಕ್ಲಸ್ಟರ್ ತಲೆನೋವು ಅಂತ ಹೇಳಿ ವೆರಪಾಮಿಲ್ 80 ಮಿ.ಗ್ರಾಂ ದಿನಕ್ಕೆ ಮೂರು ಸಲ ಬರೆದರು. ನೋವು ಬಂದಾಗ ಆಕ್ಸಿಜನ್ ಅಂತಲೂ ಬರೆದಿದ್ದಾರೆ.

ಈಗ ನನ್ನ ಪ್ರಶ್ನೆಗಳು. ವೆರಪಾಮಿಲ್ ಬಿಪಿ ಮಾತ್ರೆ ಅಂತೆ. ಇವರಿಗೆ ಬಿಪಿ ಇಲ್ಲ. ಬಿಪಿ ಇಲ್ಲದವನಿಗೆ ಬಿಪಿ ಮಾತ್ರೆ ಕೊಟ್ಟರೆ ತಲೆ ತಿರುಗಿ ಬೀಳಲ್ವಾ ಅಂತ ಅತ್ತೆ ದಿನಾ ಜಗಳ. ಇವರೂ ಐದು ದಿನ ತಗೊಂಡು ಏನೂ ಕಡಿಮೆ ಆಗಲಿಲ್ಲ ಅಂತ ಬಿಟ್ಟಿದ್ದಾರೆ. ಎರಡನೆಯದು, ನೋವು ತಡೆಯಲಾಗದೆ ಒಂದು ರಾತ್ರಿ ಇಲ್ಲಿನ ಒಂದು ನರ್ಸಿಂಗ್ ಹೋಮ್‌ಗೆ ಕರೆದುಕೊಂಡು ಹೋಗಿ ಆಕ್ಸಿಜನ್ ಕೊಡಿಸಿದೆ. ಮೂಗಿಗೆ ಸಣ್ಣ ಟ್ಯೂಬ್ ಹಾಕಿ ನಾಲ್ಕು ಲೀಟರ್ ಇಟ್ಟರು. ಒಂಚೂರೂ ಪ್ರಯೋಜನ ಆಗಲಿಲ್ಲ. ಹಾಗಿರುವಾಗ ದುಡ್ಡು ಹಾಕಿ ಮನೆಗೆ ಸಿಲಿಂಡರ್ ತರಿಸುವುದು ದಂಡ ಅಲ್ವಾ? ಅನುಭವ ಇದ್ದವರು ದಯವಿಟ್ಟು ಹೇಳಿ.

---

ತುಂಗಾತೀರ:

ಅಕ್ಕ, ನನಗೂ ಇದೇ ಕಾಯಿಲೆ, ಎಡಗಡೆ. ನೀವು ಬರೆದದ್ದು ಓದುತ್ತಾ ನನ್ನ ಹೆಂಡತಿಯೇ ಬರೆದಿದ್ದಾಳೇನೋ ಅನ್ನಿಸಿತು.

ಮೊದಲು ಆಕ್ಸಿಜನ್ ವಿಷಯ, ಯಾಕೆಂದರೆ ಅಲ್ಲೇ ಎಲ್ಲರೂ ಎಡವುವುದು. ನಿಮ್ಮ ಯಜಮಾನರಿಗೆ ಕೊಟ್ಟಿದ್ದು ಕ್ಲಸ್ಟರ್‌ಗೆ ಕೊಡುವ ಆಕ್ಸಿಜನ್ ಅಲ್ಲವೇ ಅಲ್ಲ. ಮೂಗಿನ ಟ್ಯೂಬ್‌ನಲ್ಲಿ ನಾಲ್ಕು ಲೀಟರ್ ಬಿಟ್ಟರೆ ಸುತ್ತಲಿನ ಗಾಳಿ ಬೆರೆತು ಒಳಗೆ ಹೋಗುವುದು ಮೂರರಲ್ಲಿ ಒಂದು ಪಾಲು ಆಕ್ಸಿಜನ್ ಅಷ್ಟೇ. ಈ ನೋವಿಗೆ ಬೇಕಾದದ್ದು ಹೆಚ್ಚುಕಡಿಮೆ ಶುದ್ಧ ಆಕ್ಸಿಜನ್, ನಿಮಿಷಕ್ಕೆ 12ರಿಂದ 15 ಲೀಟರ್, ಕೆಳಗೆ ಚೀಲ ನೇತಾಡುವ ಮಾಸ್ಕ್‌ನಲ್ಲಿ. ಅದಕ್ಕೆ ನಾನ್ ರೀಬ್ರೀದರ್ ಮಾಸ್ಕ್ ಅನ್ನುತ್ತಾರೆ. ಕೋವಿಡ್ ಸಮಯದಲ್ಲಿ ಎಲ್ಲರೂ ನೋಡಿದ್ದೀರಿ. ಬ್ರಿಟನ್‌ನಲ್ಲಿ ಇದನ್ನು ಸರಿಯಾಗಿ ಪರೀಕ್ಷೆ ಮಾಡಿ 2009ರಲ್ಲಿ ಪ್ರಕಟಿಸಿದರು. ರೋಗಿಗಳಿಗೆ ಗೊತ್ತಾಗದ ಹಾಗೆ ಕೆಲವು ಅಟ್ಯಾಕ್‌ಗೆ (ನೋವು ಒಂದು ಸಲ ಬಂದು ಹೋಗುವುದಕ್ಕೆ ಹಾಗನ್ನುತ್ತಾರೆ) ಆಕ್ಸಿಜನ್, ಕೆಲವು ಅಟ್ಯಾಕ್‌ಗೆ ಬರೀ ಗಾಳಿ, ಎರಡೂ 12 ಲೀಟರ್‌ನಂತೆ ಕಾಲು ಗಂಟೆ ಕೊಟ್ಟರು. ಆಕ್ಸಿಜನ್ ಕೊಟ್ಟಾಗ 15 ನಿಮಿಷದಲ್ಲಿ ನೋವು ಹೋದದ್ದು 78%, ಬರೀ ಗಾಳಿಗೆ 20%. ಇಷ್ಟು ಚೆನ್ನಾಗಿ ಕೆಲಸ ಮಾಡಿ, ಹೊಟ್ಟೆ ಕೆಡಿಸದೆ, ದಿನಕ್ಕೆ ಎಷ್ಟು ಸಲ ಬೇಕಾದರೂ ತಗೊಳ್ಳಬಹುದಾದ ಇನ್ನೊಂದು ಔಷಧಿ ಈ ಕಾಯಿಲೆಗೆ ಇಲ್ಲ. ಎಲ್ಲರಿಗೂ ಆಗುತ್ತದೆ ಅಂತಲ್ಲ, ಐದರಲ್ಲಿ ಒಬ್ಬರಿಗೆ ಆಗದೇ ಇರಬಹುದು. ಆದರೆ ಸರಿಯಾಗಿ ತಗೊಂಡು ನೋಡದೆ ಆಗಲ್ಲ ಅಂತ ಬಿಡಬೇಡಿ.

ತಗೊಳ್ಳುವ ಕ್ರಮ ಹೇಳುತ್ತೇನೆ. ನೋವು ಶುರುವಾದ ಸುಳಿವು ಸಿಕ್ಕ ಕೂಡಲೇ ಕೂರಬೇಕು, ಏರಿದ ಮೇಲೆ ತಗೊಂಡರೆ ಇಳಿಯಲು ತುಂಬಾ ಹೊತ್ತು ಬೇಕು. ವಾಲ್ವ್ ತೆರೆದು, ಚೀಲ ಪೂರ್ತಿ ಉಬ್ಬಿದ ಮೇಲೆ ಮಾಸ್ಕ್ ಹಾಕಿಕೊಳ್ಳಬೇಕು. ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಾಗಿ ಕೂತು ದೀರ್ಘವಾಗಿ ಉಸಿರೆಳೆಯಬೇಕು. ಮಾಸ್ಕ್ ಅಂಚಿನಲ್ಲಿ ಗಾಳಿ ಸೋರಬಾರದು, ಗಡ್ಡ ಇದ್ದರೆ ಕೈಯಲ್ಲಿ ಒತ್ತಿ ಹಿಡಿಯಲಿ. ಉಸಿರೆಳೆದಾಗ ಚೀಲ ಪೂರ್ತಿ ಮುದುಡಿ ಅಂಟಿಕೊಂಡರೆ ಫ್ಲೋ ಸಾಲುತ್ತಿಲ್ಲ ಅಂತ ಅರ್ಥ, ಜಾಸ್ತಿ ಮಾಡಿ. 15 ನಿಮಿಷ ಬಿಡದೆ ತಗೊಳ್ಳಬೇಕು. ನೋವು ಹೋಯಿತು ಅಂತ ತಕ್ಷಣ ಕಿತ್ತು ಎಸೆಯಬೇಡಿ, ಇನ್ನೂ ಐದು ನಿಮಿಷ ಇರಲಿ, ಇಲ್ಲದಿದ್ದರೆ ಕೆಲವು ಸಲ ವಾಪಸ್ ಬರುತ್ತದೆ.

ಸಿಲಿಂಡರ್ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಬಿ ಟೈಪ್ ಅಂತ ಕೇಳಿದರೆ ಸಿಗುವ ಮಧ್ಯಮ ಸೈಜಿನದರಲ್ಲಿ ತುಂಬಿಸಿದಾಗ ಸುಮಾರು 1500 ಲೀಟರ್ ಇರುತ್ತದೆ. ಒಂದು ಅಟ್ಯಾಕ್‌ಗೆ 12 ಲೀಟರ್‌ನಂತೆ ಕಾಲು ಗಂಟೆ, ಅಂದರೆ 180 ಲೀಟರ್. ಎಂಟು ಅಟ್ಯಾಕ್‌ಗೆ ಸಿಲಿಂಡರ್ ಖಾಲಿ. ದಿನಕ್ಕೆ ಒಂದು ಅಂದುಕೊಂಡರೆ ವಾರಕ್ಕೊಂದು. ಅದಕ್ಕೆ ನೋವಿನ ಸೀಸನ್‌ನಲ್ಲಿ ಎರಡು ಬಾಡಿಗೆಗೆ ತಗೊಳ್ಳಿ, ಒಂದು ರೀಫಿಲ್‌ಗೆ ಹೋದಾಗ ಇನ್ನೊಂದು ಮನೆಯಲ್ಲಿ ಇರುತ್ತದೆ. ಡಾಕ್ಟರ ಚೀಟಿ ಕೇಳುತ್ತಾರೆ. ಚೀಟಿಯಲ್ಲಿ ಬರೀ "ಆಕ್ಸಿಜನ್" ಅಂತ ಇದ್ದರೆ ಸಾಲದು, ಎಷ್ಟು ಲೀಟರ್, ಯಾವ ಮಾಸ್ಕ್, ಎಷ್ಟು ನಿಮಿಷ ಅಂತ ಬರೆಸಿಕೊಳ್ಳಿ. ಮುಂದೆ ಯಾವತ್ತಾದರೂ ಕ್ಯಾಜುವಲ್ಟಿಗೆ ಹೋಗಬೇಕಾಗಿ ಬಂದರೆ ಆ ಚೀಟಿಯೇ ತೋರಿಸಬಹುದು, ವಾದ ಮಾಡುವ ಕೆಲಸ ಇರುವುದಿಲ್ಲ.

ಮನೆಯಲ್ಲಿ ಯಾರದೋ ಕೋವಿಡ್ ಕಾಲದ ಕಾನ್ಸಂಟ್ರೇಟರ್ ಇದೆ, ಅದೇ ಸಾಕು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅವು ಹೆಚ್ಚಿನವು ಐದು ಲೀಟರ್‌ನವು. ಇದಕ್ಕೆ ಸಾಲುವುದಿಲ್ಲ.

---

ಔಷಧಿ ಅಂಗಡಿ ರಂಗ:

ಮೇಲಿನವರು ಚೆನ್ನಾಗಿ ಬರೆದಿದ್ದಾರೆ. ನಾನು ಮೆಡಿಕಲ್ ಶಾಪ್ ನಡೆಸುವವನು, ಹುಬ್ಬಳ್ಳಿ ಕಡೆ. ಮಾತ್ರೆ ವಿಷಯಕ್ಕೆ ಬರುತ್ತೇನೆ.

ಮೇಡಂ, ವೆರಪಾಮಿಲ್ ಬಿಪಿಗೂ ಕೊಡುತ್ತಾರೆ, ಎದೆಬಡಿತದ ತೊಂದರೆಗೂ ಕೊಡುತ್ತಾರೆ, ಕ್ಲಸ್ಟರ್ ತಡೆಯುವುದಕ್ಕೂ ಕೊಡುತ್ತಾರೆ. ಒಂದೇ ಮಾತ್ರೆ ಮೂರು ಕೆಲಸ. ಕ್ಲಸ್ಟರ್‌ಗೆ ಜಗತ್ತಿನೆಲ್ಲೆಡೆ ಮೊದಲು ಬರೆಯುವುದೇ ಇದು. ನಿಮ್ಮ ಅತ್ತೆಯವರ ಭಯ ಪೂರ್ತಿ ಸುಳ್ಳಲ್ಲ, ಕೆಲವರಿಗೆ ಬಿಪಿ ಇಳಿದು ತಲೆ ಹಗುರ ಅನ್ನಿಸುತ್ತದೆ. ಆದರೆ ಹೆಚ್ಚಿನವರು ತಡೆದುಕೊಳ್ಳುತ್ತಾರೆ. ಜಾಸ್ತಿ ಬರುವ ದೂರು ಮಲಬದ್ಧತೆ, ಆಮೇಲೆ ಪಾದ ಊದುವುದು.

ಐದು ದಿನಕ್ಕೆ ಬಿಟ್ಟದ್ದು ಮಾತ್ರ ಸರಿಯಲ್ಲ. ಇದು ನೋವಿನ ಮಾತ್ರೆ ಅಲ್ಲ, ನುಂಗಿದ ದಿನವೇ ಕೆಲಸ ಮಾಡುವುದಿಲ್ಲ. ದಿನಕ್ಕೆ 240 ಮಿ.ಗ್ರಾಂ ಅಂದರೆ ಶುರು ಅಷ್ಟೇ. ಅಲ್ಲಿಂದ ಡಾಕ್ಟರು ವಾರ ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋಗುತ್ತಾರೆ. ಕೆಲವರಿಗೆ 480 ಬೇಕಾಗುತ್ತದೆ, 960ರವರೆಗೂ ಹೋಗುವವರಿದ್ದಾರೆ.

ಆದರೆ ಒಂದು ವಿಷಯ ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಇಸಿಜಿ ಇಲ್ಲದೆ ಡೋಸ್ ಏರಿಸುವ ಹಾಗಿಲ್ಲ. ಶುರು ಮಾಡುವ ಮೊದಲು ಒಂದು, ಪ್ರತಿ ಸಲ ಏರಿಸಿದ ಮೇಲೆ ಒಂದು. ವೆರಪಾಮಿಲ್ ಹೃದಯದ ಒಳಗಿನ ಕರೆಂಟ್ ಹರಿಯುವುದನ್ನು ನಿಧಾನ ಮಾಡುತ್ತದೆ. ಲಂಡನ್‌ನಲ್ಲಿ ಈ ಕಾಯಿಲೆಗೇ ವೆರಪಾಮಿಲ್ ತಗೊಳ್ಳುತ್ತಿದ್ದ 108 ಜನರ ಇಸಿಜಿ ತೆಗೆದು ನೋಡಿದಾಗ 21 ಜನರಲ್ಲಿ ಬಡಿತದ ಏರುಪೇರು ಸಿಕ್ಕಿತು, 2007ರ ವರದಿ. ಹಾಗಾಗಿ "ಅಣ್ಣಾ, ಇನ್ನೊಂದು ಸ್ಟ್ರಿಪ್ ಕೊಡು, ನಾನೇ ಏರಿಸಿಕೊಳ್ಳುತ್ತೇನೆ" ಅಂತ ಬರುವವರಿಗೆ ನಾನು ಕೊಡುವುದಿಲ್ಲ, ಬೈದು ಕಳಿಸುತ್ತೇನೆ. ಪ್ರೊಪ್ರನೊಲಾಲ್, ಅಟೆನೊಲಾಲ್ ತರಹದ ಮಾತ್ರೆ ಈಗಾಗಲೇ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಮೈಗ್ರೇನ್ ಅಂತ ಹಿಂದೆ ಯಾರೋ ಪ್ರೊಪ್ರನೊಲಾಲ್ ಕೊಟ್ಟು ಅದು ಹಾಗೇ ಮುಂದುವರಿದಿರುತ್ತದೆ, ಅದರ ಮೇಲೆ ವೆರಪಾಮಿಲ್ ಬಿದ್ದರೆ ಎದೆಬಡಿತ ತೀರಾ ಇಳಿಯಬಹುದು.

ಇನ್ನು ನೋವು ಬಂದಾಗ ಡೋಲೊ, ಕಾಂಬಿಫ್ಲಾಮ್ ನುಂಗುವುದು ದಂಡ. ಮಾತ್ರೆ ಹೊಟ್ಟೆಯಲ್ಲಿ ಕರಗಿ ರಕ್ತಕ್ಕೆ ಸೇರುವಷ್ಟರಲ್ಲಿ ಅಟ್ಯಾಕ್ ತಾನಾಗಿ ಮುಗಿದಿರುತ್ತದೆ. ಜನ ಮಾತ್ರೆಯಿಂದ ಕಡಿಮೆ ಆಯಿತು ಅಂದುಕೊಂಡು ದಿನಾ ನುಂಗುತ್ತಾರೆ. ಆಕ್ಸಿಜನ್ ಬಿಟ್ಟರೆ ತಕ್ಷಣಕ್ಕೆ ಕೆಲಸ ಮಾಡುವುದು ಸುಮಾಟ್ರಿಪ್ಟಾನ್ 6 ಮಿ.ಗ್ರಾಂ ಇಂಜೆಕ್ಷನ್, ಚರ್ಮದ ಕೆಳಗೆ ಚುಚ್ಚುವುದು. ಕಾಲು ಗಂಟೆಯೊಳಗೆ ಇಳಿಯುತ್ತದೆ. 24 ಗಂಟೆಯಲ್ಲಿ ಎರಡಕ್ಕಿಂತ ಜಾಸ್ತಿ ಹಾಕುವ ಹಾಗಿಲ್ಲ. ಸುಮಾಟ್ರಿಪ್ಟಾನ್ ಅಥವಾ ಝೋಲ್ಮಿಟ್ರಿಪ್ಟಾನ್ ಮೂಗಿನ ಸ್ಪ್ರೇ ಸ್ವಲ್ಪ ನಿಧಾನ, ಆದರೂ ಪರವಾಗಿಲ್ಲ. ಹೃದಯದ ಕಾಯಿಲೆ, ಪಾರ್ಶ್ವವಾಯು ಆದವರಿಗೆ, ಬಿಪಿ ಹತೋಟಿಯಲ್ಲಿ ಇಲ್ಲದವರಿಗೆ ಇವು ಬೇಡ. ಎರ್ಗೋಟಮೈನ್ ಇರುವ ಹಳೇ ಮೈಗ್ರೇನ್ ಮಾತ್ರೆ ನುಂಗಿದ್ದರೆ 24 ಗಂಟೆ ಆಗುವವರೆಗೆ ಈ ಇಂಜೆಕ್ಷನ್ ಮುಟ್ಟಬಾರದು. ನಮ್ಮ ಕಡೆ ಆ ಮಾತ್ರೆಯನ್ನು ಚೀಟಿ ಇಲ್ಲದೆ ತಗೊಂಡು ಹೋಗುವವರು ಬಹಳ, ಅದಕ್ಕೆ ಹೇಳಿದೆ.

ಇಂಜೆಕ್ಷನ್ ಎಲ್ಲ ಅಂಗಡಿಯಲ್ಲೂ ಸ್ಟಾಕ್ ಇರುವುದಿಲ್ಲ. ಸೀಸನ್‌ಗೆ ಮೊದಲೇ ಹೇಳಿಟ್ಟರೆ ತರಿಸಿಕೊಡುತ್ತಾರೆ. ರಾತ್ರಿ ಎರಡು ಗಂಟೆಗೆ ಶಟರ್ ಬಡಿದರೆ ಸಿಗುವ ವಸ್ತು ಅಲ್ಲ.

---

ಹಳೇಮೈಸೂರು:

ಇಷ್ಟೆಲ್ಲಾ ಇಂಗ್ಲಿಷ್ ಔಷಧಿ ಯಾಕ್ರೀ? ನಮ್ಮ ಅಜ್ಜಿ ಅರೆತಲೆನೋವಿಗೆ ಶುಂಠಿ ತೇಯ್ದು ಪಟ್ಟು ಹಾಕುತ್ತಿದ್ದರು, ಎರಡೇ ದಿನಕ್ಕೆ ಮಂಗಮಾಯ. ಮೂಗು ಕಟ್ಟುತ್ತದೆ ಅಂತ ಅವರೇ ಹೇಳುತ್ತಿದ್ದಾರೆ, ಅಂದಮೇಲೆ ಸೈನಸ್ಸೇ. ರಾತ್ರಿ ತಣ್ಣೀರು ಸ್ನಾನ, ಮೊಸರು ಬಿಡಿಸಿ ನೋಡಿ.

---

ತುಂಗಾತೀರ:

ಸರ್, ಅಜ್ಜಿಯ ಪಟ್ಟಿನ ಮೇಲೆ ನನಗೇನೂ ಕೋಪ ಇಲ್ಲ, ಹಾಕಿಸಿಕೊಂಡಿದ್ದೇನೆ, ಹಣೆ ಉರಿದದ್ದು ಬಿಟ್ಟರೆ ಏನೂ ಆಗಲಿಲ್ಲ. ಎರಡು ದಿನಕ್ಕೆ ಹೋಗುವ ನೋವು ಬೇರೆ, ಇದು ಬೇರೆ. ಮೈಗ್ರೇನ್ ಬಂದವರು ಕತ್ತಲೆ ಕೋಣೆಯಲ್ಲಿ ಅಲುಗಾಡದೆ ಮಲಗುತ್ತಾರೆ, ಗಂಟೆಗಟ್ಟಲೆ ಇರುತ್ತದೆ, ವಾಂತಿ ಬರುತ್ತದೆ. ಕ್ಲಸ್ಟರ್‌ನವರು ಮಲಗಲಾರದೆ ಓಡಾಡುತ್ತಾರೆ. ಕಾಲು ಗಂಟೆಯಿಂದ ಹೆಚ್ಚೆಂದರೆ ಮೂರು ಗಂಟೆ, ಒಂದೇ ಕಡೆ. ಮೂಗು ಕಟ್ಟುವುದು ಸೈನಸ್‌ನಿಂದ ಅಲ್ಲ. ಮುಖದ ನರಕ್ಕೂ ಕಣ್ಣೀರು, ಮೂಗಿನ ನೀರು ಬರಿಸುವ ನರಗಳಿಗೂ ಒಳಗೇ ಸಂಪರ್ಕ ಇದೆ, ನೋವು ಎದ್ದಾಗ ಅವೂ ಏಳುತ್ತವೆ. ನೋವು ನಿಂತ ಕೂಡಲೇ ಮೂಗು ಬಿಟ್ಟುಕೊಳ್ಳುತ್ತದೆ. ಸೈನಸ್ ಆಗಿದ್ದರೆ ದಿನಾ ಗಡಿಯಾರ ನೋಡಿಕೊಂಡು ಬಂದು ಒಂದು ಗಂಟೆಗೆ ಹೋಗುತ್ತದಾ?

ಗಡಿಯಾರದ ಮಾತು ಬಂತು, ಅದಕ್ಕೂ ಕಾರಣ ಇದೆ. ಮಿದುಳಿನ ಆಳದಲ್ಲಿ ಹೈಪೋಥಲಾಮಸ್ ಅಂತ ಒಂದು ಸಣ್ಣ ಭಾಗ, ನಿದ್ದೆ ಎಚ್ಚರದ ಹೊತ್ತು ಇಡುವುದು ಅದೇ. 1998ರಲ್ಲಿ ಲಂಡನ್‌ನಲ್ಲಿ ಅಟ್ಯಾಕ್ ನಡೆಯುತ್ತಿರುವಾಗಲೇ ಸ್ಕ್ಯಾನ್ ಮಾಡಿ ನೋಡಿದರೆ ಅದೇ ಜಾಗ ಚುರುಕಾಗಿತ್ತು. ದಿನಾ ಅದೇ ಹೊತ್ತು, ವರ್ಷವೂ ಅದೇ ಕಾಲ ಅನ್ನುವುದಕ್ಕೆ ಅದು ನಂಟು.

---

ನೈಟ್‌ಡ್ಯೂಟಿ ಸಿಸ್ಟರ್:

ನ್ಯೂರೋ ವಾರ್ಡ್‌ನಲ್ಲಿ ಕೆಲಸ ಮಾಡುತ್ತೇನೆ. ಯಾರೂ ಹೇಳದ ಕೆಲವು ವಿಷಯ ಸೇರಿಸುತ್ತೇನೆ.

ವೆರಪಾಮಿಲ್ ಹಿಡಿಯುವವರೆಗೆ ಎರಡು ವಾರ ಆ ಮನುಷ್ಯ ಏನು ಮಾಡಬೇಕು? ಇದನ್ನು ನೀವೇ ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಬೇಕು, ಅವಸರದ ಒಪಿಡಿಯಲ್ಲಿ ಈ ಮಾತೇ ಬರದೆ ಹೋಗಬಹುದು. ಅದಕ್ಕೆ ಎರಡು ದಾರಿ ಇದೆ. ಒಂದು, ಸ್ಟಿರಾಯ್ಡ್ ಮಾತ್ರೆಯ ಸಣ್ಣ ಕೋರ್ಸ್. ಜರ್ಮನಿಯಲ್ಲಿ ಪ್ರೆಡ್ನಿಸೋನ್ 100 ಮಿ.ಗ್ರಾಂ ಐದು ದಿನ ಕೊಟ್ಟು, ಆಮೇಲೆ ಮೂರು ದಿನಕ್ಕೊಮ್ಮೆ 20ರಂತೆ ಇಳಿಸಿ ನೋಡಿದರು, ಜೊತೆಗೆ ವೆರಪಾಮಿಲ್ ಇತ್ತು. ಮೊದಲ ವಾರದ ಅಟ್ಯಾಕ್‌ಗಳು ಕಡಿಮೆಯಾದವು. ಇನ್ನೊಂದು, ತಲೆಯ ಹಿಂಭಾಗದಲ್ಲಿ, ನೋವಿರುವ ಕಡೆಯೇ, ಆಕ್ಸಿಪಿಟಲ್ ನರದ ಪಕ್ಕ ಸ್ಟಿರಾಯ್ಡ್ ಇಂಜೆಕ್ಷನ್. ಒಪಿಡಿಯಲ್ಲೇ ಕೆಲವು ನಿಮಿಷದ ಕೆಲಸ, ಅಡ್ಮಿಟ್ ಆಗುವುದು ಬೇಡ. ಕೆಲವರಿಗೆ ಇದರಿಂದ ವಾರಗಟ್ಟಲೆ ಬಿಡುವು ಸಿಗುತ್ತದೆ.

ಸ್ಟಿರಾಯ್ಡ್ ಮಾತ್ರೆ ಕೆಲಸ ಮಾಡುತ್ತದೆ ಅಂತ ಪ್ರತಿ ವರ್ಷ ಅದೇ ಚೀಟಿ ತೋರಿಸಿ ನುಂಗುವವರಿದ್ದಾರೆ. ದಯವಿಟ್ಟು ಬೇಡ. ಶುಗರ್ ಏರುತ್ತದೆ, ಮೂಳೆ ಸವೆಯುತ್ತದೆ, ಸೊಂಟದ ಕೀಲು ಹಾಳಾದವರನ್ನು ನೋಡಿದ್ದೇನೆ. ಅದು ವೆರಪಾಮಿಲ್ ಹಿಡಿಯುವವರೆಗೆ ದಾಟಿಸುವುದಕ್ಕೆ ಮಾತ್ರ.

ವೆರಪಾಮಿಲ್ ಆಗದವರಿಗೆ ಲಿಥಿಯಂ, ಟೋಪಿರಾಮೇಟ್ ಇವೆ. ಲಿಥಿಯಂ ಅಂದರೆ ರಕ್ತದಲ್ಲಿ ಅದರ ಮಟ್ಟ, ಥೈರಾಯ್ಡ್, ಕಿಡ್ನಿ ಆಗಾಗ ನೋಡಿಸುತ್ತಿರಬೇಕು. ರಾತ್ರಿ ಮಾತ್ರ ಬರುವವರಿಗೆ ಮೆಲಟೋನಿನ್ ಸೇರಿಸುವುದೂ ಉಂಟು. ಅಮೆರಿಕದಲ್ಲಿ 2019ರಲ್ಲಿ ಗಾಲ್ಕನೆಜುಮ್ಯಾಬ್ ಅನ್ನುವ ಇಂಜೆಕ್ಷನ್‌ಗೆ, ವರ್ಷದಲ್ಲಿ ಸೀಸನ್ ಆಗಿ ಬರುವ ಕ್ಲಸ್ಟರ್‌ಗೆ ಅಂತಲೇ, ಒಪ್ಪಿಗೆ ಕೊಟ್ಟರು. ಯುರೋಪಿನಲ್ಲಿ ಅದಕ್ಕೆ ಒಪ್ಪಿಗೆ ಸಿಗಲಿಲ್ಲ. ಅದರ ಹಿಂದೆ ಬೀಳುವ ಅವಶ್ಯಕತೆ ಸದ್ಯಕ್ಕೆ ನಿಮಗಿಲ್ಲ.

ಆಕ್ಸಿಜನ್ ಮನೆಗೆ ತಂದ ಮೇಲಿನ ಎಚ್ಚರಿಕೆ: ಆ ಕೋಣೆಯಲ್ಲಿ ದೇವರ ದೀಪ, ಊದುಬತ್ತಿ, ಸೊಳ್ಳೆ ಬತ್ತಿ, ಬೀಡಿ ಸಿಗರೇಟ್ ಏನೂ ಇರಬಾರದು. ಅಡುಗೆಮನೆ ಪಕ್ಕ ಇಡಬೇಡಿ. ಸಿಲಿಂಡರ್ ಬೀಳದ ಹಾಗೆ ಗೋಡೆಗೆ ಸರಪಳಿ ಹಾಕಿ. ವಾಲ್ವ್ ಬಿಗಿಯಾಗಿದೆ ಅಂತ ಎಣ್ಣೆ ಹಚ್ಚಲೇಬೇಡಿ. ಇನ್ನೊಂದು, ನಮ್ಮಲ್ಲಿ ತಲೆನೋವು ಅಂದ ಕೂಡಲೇ ಹಣೆಗೆ ಮೂಗಿಗೆ ಬಾಮ್ ಬಳಿದುಕೊಳ್ಳುತ್ತಾರಲ್ಲ, ಅದನ್ನು ಒರೆಸಿ ಮಾಸ್ಕ್ ಹಾಕಿಕೊಳ್ಳಲಿ. ಜಿಡ್ಡು ಮತ್ತು ಆಕ್ಸಿಜನ್ ಸೇರಿದರೆ ಬೆಂಕಿಗೆ ಹತ್ತಿರ. ವರ್ಷಗಟ್ಟಲೆ ಸಿಗರೇಟ್ ಸೇದಿ ಶ್ವಾಸಕೋಶ ಕೆಟ್ಟವರಿಗೆ ಇಷ್ಟು ಆಕ್ಸಿಜನ್ ಕೊಡುವ ಮುಂಚೆ ಡಾಕ್ಟರನ್ನು ಕೇಳಲೇಬೇಕು.

ಕೊನೆಗೆ, ಇದು ತಮಾಷೆ ವಿಷಯ ಅಲ್ಲ. ಈ ನೋವಿನಲ್ಲಿ ಸಾಯೋದೇ ಮೇಲು ಅಂತ ಬಾಯಿಬಿಟ್ಟು ಹೇಳುವ ರೋಗಿಗಳಿದ್ದಾರೆ. ಯಜಮಾನರು ಹಾಗೆ ಅಂದಿದ್ದರೆ ನೋವಿನಲ್ಲಿ ಅಂದದ್ದು ಅಂತ ಬಿಡಬೇಡಿ, ಡಾಕ್ಟರಿಗೆ ಹೇಳಿ. ರಾತ್ರಿ ಹೊತ್ತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

---

ಮ್ಯಾಂಚೆಸ್ಟರ್ ಮಳೆ:

ಮೂಲ ಹಾಸನ, ಈಗ ಇಂಗ್ಲೆಂಡ್. ನನಗೆ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ಇಲ್ಲಿ ಕ್ಲಸ್ಟರ್ ಅಂತ ಡಾಕ್ಟರು ಒಂದು ಫಾರಂ ತುಂಬಿ ಕಳಿಸಿದರೆ ಆಕ್ಸಿಜನ್ ಕಂಪನಿಯವರೇ ಮನೆ ಬಾಗಿಲಿಗೆ ಸಿಲಿಂಡರ್ ತಂದಿಟ್ಟು, ಮಾಸ್ಕ್ ಹಾಕುವುದು ತೋರಿಸಿಕೊಟ್ಟು ಹೋಗುತ್ತಾರೆ. ಎಲ್ಲಾ ಸರ್ಕಾರದ ಖರ್ಚು. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಡಾಕ್ಟರಿಗೆ ಹೇಳುವ ಇಲ್ಲಿನ ಸಂಸ್ಥೆ ಎನ್‌ಐಸಿಇ, ಅದರ ಮಾರ್ಗಸೂಚಿಯಲ್ಲಿ ನೇರವಾಗಿ ಬರೆದಿದ್ದಾರೆ, ಕ್ಲಸ್ಟರ್ ಅಟ್ಯಾಕ್‌ಗೆ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ತರಹದ್ದು, ಅಫೀಮು ಜಾತಿಯ ನೋವುನಿವಾರಕ, ಎರ್ಗೋಟ್, ನುಂಗುವ ಟ್ರಿಪ್ಟಾನ್ ಮಾತ್ರೆ, ಯಾವುದನ್ನೂ ಕೊಡಬೇಡಿ ಅಂತ. ಊರಿಗೆ ಬಂದಾಗ ಒಂದು ಆಸ್ಪತ್ರೆಯಲ್ಲಿ ನನಗೆ ಕೊಟ್ಟದ್ದು ಬರೋಬ್ಬರಿ ಅದೇ ಪಟ್ಟಿಯಲ್ಲಿರುವುದು, ಅಫೀಮು ಜಾತಿಯ ಟ್ರಮಡಾಲ್ ಇಂಜೆಕ್ಷನ್. ತೂಕಡಿಕೆ ಬಂತು, ನೋವು ಹೋಗಲಿಲ್ಲ.

ನಮ್ಮ ಸರ್ಕಾರಿ ವ್ಯವಸ್ಥೆ ಪೂರ್ತಿ ಖಾಲಿ ಅಂತಲ್ಲ. ನಿಮ್ಹಾನ್ಸ್ ಜೊತೆ ಸೇರಿ ಕರ್ನಾಟಕ ಸರ್ಕಾರ ಮಿದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿದೆ. ಜಿಲ್ಲಾ ಆಸ್ಪತ್ರೆಗಳ ಬ್ರೈನ್ ಹೆಲ್ತ್ ಕ್ಲಿನಿಕ್‌ನಲ್ಲಿ ತಲೆನೋವು, ಮೂರ್ಛೆ, ಪಾರ್ಶ್ವವಾಯು, ಮರೆವಿನ ಕಾಯಿಲೆ ನೋಡುತ್ತಾರೆ. ದಾವಣಗೆರೆಯಲ್ಲೂ ಜಿಲ್ಲಾ ಆಸ್ಪತ್ರೆಯಲ್ಲಿ ಒಮ್ಮೆ ವಿಚಾರಿಸಿ, ಖಾಸಗಿ ಖರ್ಚು ಭಾರ ಅನ್ನಿಸಿದರೆ ಫಾಲೋ ಅಪ್ ಮತ್ತು ಇಸಿಜಿಗೆ ಅನುಕೂಲ ಆಗಬಹುದು.

ಮತ್ತೆ ಕುಡಿಯುವ ಅಭ್ಯಾಸ ಇದೆಯಾ? ಸೀಸನ್ ನಡೆಯುತ್ತಿರುವಾಗ ಒಂದು ಬಿಯರ್ ಸಾಕು, ಒಂದು ಗಂಟೆಯೊಳಗೆ ಅಟ್ಯಾಕ್. ಸೀಸನ್ ಮುಗಿದ ಮೇಲೆ ಅದೇ ಬಿಯರ್ ಏನೂ ಮಾಡುವುದಿಲ್ಲ, ವಿಚಿತ್ರ. ಮಧ್ಯಾಹ್ನದ ನಿದ್ದೆಯೂ ಕೆಲವರಿಗೆ ಎಬ್ಬಿಸುತ್ತದೆ.

---

ಬೆಣ್ಣೆನಗರಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವರಿಗೂ ಓದಿ ಹೇಳಿದೆ. ಅತ್ತೆಗೂ. ಇಸಿಜಿ ಮಾಡಿಸಿಕೊಂಡು ಬಂದರೆ ಮಾತ್ರೆಗೆ ಅಡ್ಡ ಬರುವುದಿಲ್ಲ ಅಂದಿದ್ದಾರೆ, ಅಷ್ಟಾದರೂ ಆಯಿತು.

ಇವರು ಕುಡಿಯುವುದಿಲ್ಲ, ಸಿಗರೇಟ್ ಇದೆ. ಬಿಟ್ಟರೆ ಈ ನೋವು ಹೋಗುತ್ತದಾ? ಹೋಗುತ್ತದೆ ಅಂತ ಗೊತ್ತಾದರೆ ಬಿಡಿಸುವುದು ನನ್ನ ಜವಾಬ್ದಾರಿ. ಇನ್ನೊಂದು, ಬರುವ ತಿಂಗಳು ಧರ್ಮಸ್ಥಳಕ್ಕೆ ಹೋಗುವ ಹರಕೆ ಇದೆ, ಬಸ್ಸಿನಲ್ಲಿ. ಸಿಲಿಂಡರ್ ಹೇಗೆ ತಗೊಂಡು ಹೋಗುವುದು?

---

ನೈಟ್‌ಡ್ಯೂಟಿ ಸಿಸ್ಟರ್:

ಸಿಗರೇಟ್ ಬಿಟ್ಟರೆ ಕ್ಲಸ್ಟರ್ ನಿಲ್ಲುತ್ತದೆ ಅಂತ ಮಾತು ಕೊಡಲು ಆಗುವುದಿಲ್ಲ. ಈ ಕಾಯಿಲೆ ಇರುವವರಲ್ಲಿ ಸೇದುವವರು ಜಾಸ್ತಿ ನಿಜ, ಬಿಟ್ಟ ಮೇಲೂ ಅಟ್ಯಾಕ್ ಬರುತ್ತಲೇ ಇರುವವರು ಬೇಕಾದಷ್ಟು ಜನ. ಆದರೆ ಮನೆಯಲ್ಲಿ ಆಕ್ಸಿಜನ್ ಸಿಲಿಂಡರ್, ಕೈಯಲ್ಲಿ ಬೆಂಕಿಕಡ್ಡಿ, ಈ ಎರಡೂ ಒಟ್ಟಿಗೆ ಆಗುವುದಿಲ್ಲ. ಅದೂ ಅಲ್ಲದೆ ಸುಮಾಟ್ರಿಪ್ಟಾನ್ ಬೇಕಾದರೆ ಹೃದಯ ಚೆನ್ನಾಗಿರಬೇಕು. ಈ ಎರಡು ಕಾರಣ ಹೇಳಿ ಬಿಡಿಸಿ.

ಒಂದು ಮಾತು ಮರೆತಿದ್ದೆ. ಕಣ್ಣು ಕೆಂಪಾಗಿ ನೋವಿನ ಜೊತೆ ದೃಷ್ಟಿ ಮಂಜಾದರೆ, ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಗಂಟೆ ಕಳೆದರೂ ಇಳಿಯದಿದ್ದರೆ ಕ್ಲಸ್ಟರ್ ಅಂತ ಕೂರಬೇಡಿ. ಅದು ಗ್ಲಾಕೋಮಾ ಇರಬಹುದು, ಆಗಲೇ ಕಣ್ಣಿನ ಡಾಕ್ಟರ ಹತ್ತಿರ ಓಡಬೇಕು. ಜ್ವರ, ಕೈಕಾಲು ಸೋಲು, ಮಾತು ತೊದಲು ಇದ್ದರೂ ಹಾಗೆಯೇ, ತಕ್ಷಣ ಆಸ್ಪತ್ರೆ.

---

ತುಂಗಾತೀರ:

ಬಸ್ಸಿಗೆ ಸಿಲಿಂಡರ್ ಮಾತು ಬಿಡಿ ಅಕ್ಕ. ಪ್ರಯಾಣಕ್ಕೆ ಇಂಜೆಕ್ಷನ್ ಅಥವಾ ಸ್ಪ್ರೇ ಬರೆಸಿಕೊಳ್ಳಿ, ಚುಚ್ಚಿಕೊಳ್ಳುವುದನ್ನು ಹೋಗುವ ಮೊದಲೇ ಆಸ್ಪತ್ರೆಯಲ್ಲಿ ಕಲಿತಿರಲಿ. ರಾತ್ರಿ ಬಸ್ ಬೇಡ, ಅವರ ಅಟ್ಯಾಕ್ ಹೊತ್ತೇ ಅದು. ಆಗುವುದಾದರೆ ಹರಕೆಯನ್ನು ಸೀಸನ್ ಮುಗಿದ ಮೇಲೆ ತೀರಿಸಿ, ಮಂಜುನಾಥಸ್ವಾಮಿ ಏನೂ ಅಂದುಕೊಳ್ಳುವುದಿಲ್ಲ.

ಮತ್ತೆ ಒಂದು ಡೈರಿ ಇಡಿ. ಯಾವ ದಿನ, ಎಷ್ಟು ಹೊತ್ತಿಗೆ ಬಂತು, ಎಷ್ಟು ನಿಮಿಷ ಇತ್ತು, ಆಕ್ಸಿಜನ್ ಎಷ್ಟು ನಿಮಿಷಕ್ಕೆ ಹಿಡಿಯಿತು. ಡಾಕ್ಟರು ಡೋಸ್ ಏರಿಸಬೇಕಾ ಬೇಡವಾ ಅಂತ ನೋಡುವುದು ಅದನ್ನೇ. ಸೀಸನ್ ಮುಗಿದು ಎರಡು ವಾರ ನೋವಿಲ್ಲ ಅಂದರೆ ವೆರಪಾಮಿಲ್ ಒಮ್ಮೆಲೇ ನಿಲ್ಲಿಸಬೇಡಿ, ಅವರು ಹೇಳಿದ ಹಾಗೆ ಇಳಿಸಿಕೊಂಡು ಬನ್ನಿ. ಮುಂದಿನ ವರ್ಷ ಮೊದಲ ಅಟ್ಯಾಕ್ ಬಂದ ಮಾರನೇ ದಿನವೇ ಡಾಕ್ಟರಿಗೆ ಫೋನ್ ಮಾಡಿ. ನಾನು ಹಾಗೇ ಮಾಡುತ್ತೇನೆ. ನವರಾತ್ರಿಗೆ ಮೊದಲೇ ಸಿಲಿಂಡರ್‌ನವರಿಗೂ ಹೇಳಿಟ್ಟಿರುತ್ತೇನೆ.

---

ಬೆಣ್ಣೆನಗರಿ:

ಸರಿ ಅಣ್ಣ. ಸೋಮವಾರ ಇಸಿಜಿ. ಸಿಲಿಂಡರ್‌ಗೆ ಹೇಳಿದ್ದೇನೆ, ಅವರು ಜೊತೆಗೆ ಕೊಡುವ ಮಾಸ್ಕ್‌ಗೆ ಚೀಲ ಇಲ್ಲವಂತೆ. ಅದು ಬೇರೆ ತಗೊಳ್ಳಬೇಕಾ?

---

ಔಷಧಿ ಅಂಗಡಿ ರಂಗ:

ಹೌದು, ಬೇರೆ ತಗೊಳ್ಳಬೇಕು. ಸರ್ಜಿಕಲ್ ಅಂಗಡಿಯಲ್ಲಿ ನಾನ್ ರೀಬ್ರೀದರ್, ದೊಡ್ಡವರ ಸೈಜ್ ಅಂತ ಕೇಳಿ. ಎರಡು ತಗೊಳ್ಳಿ, ರಬ್ಬರ್ ಬೇಗ ಸಡಿಲ ಆಗುತ್ತದೆ. ಫ್ಲೋ ಮೀಟರ್ 15ರವರೆಗೆ ಹೋಗುತ್ತದಾ ಅಂತ ಸಿಲಿಂಡರ್ ಇಳಿಸುವಾಗಲೇ ತಿರುಗಿಸಿ ನೋಡಿ, ಆಮೇಲೆ ರಸೀದಿಗೆ ಸಹಿ ಹಾಕಿ.